ಬ್ಯಾಡಗಿಯ ಬೆರಳುಗಳು

ಧಾರವಾಡದ ಪುಟ ನಿಯಂತ್ರಣ ಕೇಂದ್ರದ ಗೋಡೆಯ ಮೇಲೆ ಇಡೀ ರಾಜ್ಯದ ನಕ್ಷೆಯಿತ್ತು. ಒಂದೊಂದು ಗ್ರಂಥಾಲಯಕ್ಕೆ ಒಂದೊಂದು ಹಸಿರು ಚುಕ್ಕೆ. ಏಳು ವರ್ಷಗಳಿಂದ ಚುಕ್ಕೆಗಳು ಹಸಿರಾಗಿಯೇ ಇದ್ದುದರಿಂದ, ಇಲ್ಲಿ ಕೆಲಸವೆಂದರೆ ಚಹಾ ಕುಡಿಯುವುದು ಎಂದು ಕೇಂದ್ರದವರೇ ತಮ್ಮನ್ನು ತಾವು ಗೇಲಿ ಮಾಡಿಕೊಳ್ಳುತ್ತಿದ್ದರು. ಏಪ್ರಿಲ್ ತಿಂಗಳ ಒಂದು ಸೋಮವಾರ ಸಂಜೆ, ಬ್ಯಾಡಗಿಯ ಪೇಟೆ ಓಣಿಯ ಮಕ್ಕಳ ಗ್ರಂಥಾಲಯದ ಚುಕ್ಕೆ ಕೆಂಪಾಯಿತು. ಗುರುವಾರ ಮತ್ತೆ ಕೆಂಪಾಯಿತು. ಮುಂದಿನ ಸೋಮವಾರವೂ ಹಾಗೇ ಆದಾಗ ಹಿರಿಯ ರಸಾಯನಶಾಸ್ತ್ರಜ್ಞೆ ಶಿವಲೀಲಾ ಅಂಗಡಿ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತಳು. ಉಳಿದವರಿಗೆ ಅದು ಒಂದು ಚುಕ್ಕೆ, ಅವಳಿಗೆ ಮಾತ್ರ ಮಾನದ ಪ್ರಶ್ನೆ. ಆ ಗ್ರಂಥಾಲಯಗಳ ಪುಸ್ತಕಗಳೂ ಮಾರಾಟದ ಮಕ್ಕಳ ಪುಸ್ತಕಗಳೂ ಅಚ್ಚಾದ ಕಾಗದವನ್ನು ಕಂಡುಹಿಡಿದವಳು ಅವಳೇ.

ಕಾಗದದ ಹೆಸರು ತಿಳಿಹಾಳೆ. ದೊಡ್ಡವರ ಚರ್ಮ ಒಂದು ಬಗೆಯ ದಪ್ಪ ಜಿಡ್ಡನ್ನು ಒಸರುತ್ತದೆ. ಮಕ್ಕಳ ಚರ್ಮದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಇದ್ದದ್ದೂ ಬೇಗ ಆರಿಹೋಗುತ್ತದೆ. ಹಾಳೆಯ ಅಂಚು ಈ ಜಿಡ್ಡನ್ನು ಅಳೆದು, ಮುಟ್ಟಿದವರು ಮಕ್ಕಳೋ ದೊಡ್ಡವರೋ ಎಂದು ಕಣ್ಣು ಮಿಟುಕಿಸುವುದರೊಳಗೆ ತಿಳಿದುಕೊಳ್ಳುತ್ತದೆ. ಮುಟ್ಟಿದ್ದು ಮಗುವಾದರೆ, ಓದು ಸಮಿತಿಯವರು ಮಕ್ಕಳಿಗಲ್ಲವೆಂದು ಗುರುತು ಹಾಕಿದ ಸಾಲುಗಳು ಮಾಯವಾಗುತ್ತವೆ. ಅಷ್ಟೇ ಆಗಿದ್ದರೆ ಖಾಲಿ ಜಾಗ ನೋಡಿದ ಮಕ್ಕಳು ಸುಮ್ಮನೆ ಬಿಡುತ್ತಿರಲಿಲ್ಲ. ತಿಳಿಹಾಳೆಯ ಜಾಣತನ ಇರುವುದು ಮುಂದಿನ ಕೆಲಸದಲ್ಲಿ. ಮೇಲಿನ ಸಾಲು ಕೆಳಗಿನ ಸಾಲು ಸರಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಉಳಿದ ಜಾಗದಲ್ಲಿ ಹೂವೋ ಹಕ್ಕಿಯೋ ಒಂದು ಚಿತ್ರ ಬಂದು ಕೂರುತ್ತದೆ. ಒಳ್ಳೆಯ ದರ್ಜಿ ರಫೂ ಮಾಡಿದ ಬಟ್ಟೆಯ ಹಾಗೆ, ಹರಿದದ್ದು ಎಲ್ಲಿ ಎಂದು ಹುಡುಕಿದರೂ ಸಿಗುವುದಿಲ್ಲ.

ಅದಕ್ಕೂ ಮೊದಲು ಪುಸ್ತಕಗಳಿಗಾಗಿ ಊರೂರಿನಲ್ಲಿ ರಂಪಾಟ ನಡೆಯುತ್ತಿತ್ತು. ಈ ಪುಸ್ತಕ ತೆಗೆಯಿರಿ ಎಂದು ಒಂದು ಗುಂಪು, ಇಡಿರಿ ಎಂದು ಇನ್ನೊಂದು ಗುಂಪು, ನಡುವೆ ಸಿಕ್ಕು ಗ್ರಂಥಪಾಲಕರು ಹಣ್ಣುಗಾಯಿ ನೀರುಗಾಯಿ ಆಗುತ್ತಿದ್ದರು. ತಿಳಿಹಾಳೆ ಬಂದ ಮೇಲೆ ಎಲ್ಲ ತಣ್ಣಗಾಯಿತು. ದೊಡ್ಡವರು ಪುಸ್ತಕ ತೆರೆದರೆ ಎಲ್ಲವೂ ಇರುತ್ತಿತ್ತು, ಆದ್ದರಿಂದ ದೂರಲು ಏನೂ ಇರಲಿಲ್ಲ. ಮಕ್ಕಳು ತೆರೆದರೆ ಏನೋ ಹೋಗಿದೆ ಎಂಬುದೇ ತಿಳಿಯುತ್ತಿರಲಿಲ್ಲ, ಆದ್ದರಿಂದ ಕೇಳಲೂ ಏನೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಬೇಡ ಎಂದು ಇಲಾಖೆ ಹಿಗ್ಗಿತು. ಶಿವಲೀಲಾಳಿಗೆ ಬೆಳ್ಳಿಯ ತಟ್ಟೆ ಕೊಟ್ಟು ಶಾಲು ಹೊದಿಸಿದರು.

ಬ್ಯಾಡಗಿಯ ಚುಕ್ಕೆ ಹೇಳುತ್ತಿದ್ದುದು ಇಷ್ಟು: ನಾಲ್ಕರಿಂದ ಆರರವರೆಗೆ ಮಕ್ಕಳ ಹೊತ್ತು, ಒಳಗೆ ಗ್ರಂಥಪಾಲಕನನ್ನು ಬಿಟ್ಟರೆ ಹದಿನಾಲ್ಕು ದಾಟಿದವರು ಯಾರೂ ಇಲ್ಲ, ಆದರೂ ಹಾಳೆಗಳನ್ನು ಮುಟ್ಟುತ್ತಿರುವವು ದೊಡ್ಡವರ ಬೆರಳು. ಹಳೆಯ ದಾಖಲೆ ತೆಗೆಸಿ ನೋಡಿದರೆ ಹೋದ ವರ್ಷವೂ ಹಾಗೇ, ಅದರ ಹಿಂದಿನ ವರ್ಷವೂ ಹಾಗೇ. ಜನವರಿಯಿಂದ ಮೇ ತನಕ ಕೆಂಪು, ಜೂನ್ ಬಂದರೆ ಹಸಿರು. ಈ ಮಾರ್ಚಿನವರೆಗೂ ಪ್ರತಿ ಸಲ ಯಂತ್ರದ ತಪ್ಪೆಂದು ಯಾರೋ ಬರೆದು, ನಕ್ಷೆಗೆ ಬರುವ ಮೊದಲೇ ಚುಕ್ಕೆಯನ್ನು ಹಸಿರು ಮಾಡಿ ಕೈತೊಳೆದುಕೊಂಡಿದ್ದರು. ಹೋಗಿ ನೋಡಿ ಒಂದು ವಾರದಲ್ಲಿ ವರದಿ ಕೊಡುವುದಾಗಿ ಶಿವಲೀಲಾ ಅಂದೇ ಒಪ್ಪಿಕೊಂಡಳು.

ಬುಧವಾರ ರಾತ್ರಿ ಅವಳು ಮನೆಗೆ ಬಂದಾಗ ಗಂಡ ಮಹಾಂತೇಶ ರೊಟ್ಟಿ ಬಡಿಯುತ್ತಿದ್ದ. ಅವನ ರೊಟ್ಟಿ ದುಂಡಗಾದದ್ದನ್ನು ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಯಾರೂ ಕಂಡಿರಲಿಲ್ಲ. "ನಿಮ್ಮ ಕೇಂದ್ರದ ನಕ್ಷೆ ನೋಡಿ ಬಡದೀನಿ" ಎಂದು ಅವನೇ ಮೊದಲು ನಕ್ಕುಬಿಡುತ್ತಿದ್ದ. ಆರನೆಯ ತರಗತಿ ಮುಗಿಸಿ ರಜೆಯಲ್ಲಿದ್ದ ಮಗಳು ಇಂಪನಾ ಮಾತ್ರ ನಗದೆ ಗೋಡೆಗೆ ಆತು ಕುಳಿತಿದ್ದಳು.

"ಯಾಕ, ಮಾರಿ ಸಣ್ಣದಾಗೇತಲ್ಲ?" ಎಂದು ಶಿವಲೀಲಾ ಕೇಳಿದಳು.

"ಹೊಟ್ಟಿ ನೋಯಾಕತ್ತೈತಿ ಅವ್ವಾ."

"ಸಿಕ್ಕಿದ್ದೆಲ್ಲಾ ತಿನ್ನಬ್ಯಾಡ ಅಂದ್ರ ಕೇಳಂಗಿಲ್ಲ. ನಾಳೆ ನನ್ನ ಜೋಡಿ ಬ್ಯಾಡಗಿಗೆ ಬಾ, ರೈಲಿನಾಗ ಹೋಗಿ ಬರೂಣು." ಹೇಳುತ್ತ ಹೇಳುತ್ತ ಅವಳಿಗೆ ಇನ್ನೊಂದು ಮಾತು ನೆನಪಾಯಿತು. ವರ್ಷದ ಹಿಂದೆ ಬೆಳೆಯುವ ಹುಡುಗಿಯರ ಆರೋಗ್ಯದ ಪುಸ್ತಕವೊಂದನ್ನು ತಾನೇ ಪೂರ್ತಿ ಓದಿ, ಇದರಲ್ಲಿ ಎಲ್ಲ ಚೆನ್ನಾಗಿ ಹೇಳಿದ್ದಾರೆ ಎಂದು ಮಗಳ ಕೈಗೆ ಕೊಟ್ಟಿದ್ದಳು. "ಆ ಆರೋಗ್ಯದ ಪುಸ್ತಕ ಓದೀಯಿಲ್ಲೋ?"

"ಎರಡ ಸಲ ಓದೇನಿ. ಹಲ್ಲು ತಿಕ್ಕೂದು, ಉಗುರು ತಗಿಯೂದು, ಸೊಪ್ಪು ತಿನ್ನೂದು."

"ಅದರ ಮುಂದಿಂದು?"

"ಮುಂದ ಏನೂ ಇಲ್ಲ. ಚಿತ್ರ ಅದಾವು."

ಹುಡುಗಿಗೆ ನಾಚಿಕೆ, ಅದಕ್ಕೇ ಹಾರಿಸಿ ಮಾತಾಡುತ್ತಾಳೆ ಎಂದುಕೊಂಡಳು ಶಿವಲೀಲಾ. ಯಾವ ಪುಸ್ತಕದ ಯಾವ ಸಾಲಿಗೆ ಸಮಿತಿ ಗುರುತು ಹಾಕಿದೆ ಎಂದು ಅವಳು ಎಂದೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾಚಿಕೆ ಅವಳಿಗೂ ಇತ್ತು. ತನ್ನ ತಾಯಿ ಬಾಯಿಬಿಟ್ಟು ಹೇಳದ ಸಂಗತಿಯನ್ನು ತಾನೂ ಬಾಯಿಬಿಟ್ಟು ಹೇಳದೆ, ಪುಸ್ತಕದಿಂದ ಹೇಳಿಸಿದ್ದೇನೆ ಎಂಬ ಸಮಾಧಾನದಲ್ಲಿ ವರ್ಷ ಕಳೆದಿದ್ದಳು. ಈಗಲೂ ಆ ಸಮಾಧಾನದಲ್ಲೇ ರೊಟ್ಟಿಗೆ ಕೈ ಹಾಕಿದಳು.

ಬ್ಯಾಡಗಿಯಲ್ಲಿ ರೈಲು ಇಳಿದವರು ಮೊದಲು ಸೀನುತ್ತಾರೆ, ಆಮೇಲೆ ಊರು ನೋಡುತ್ತಾರೆ. ಅಂದು ಗುರುವಾರ, ಮಾರುಕಟ್ಟೆಯ ದಿನ. ರಸ್ತೆಯ ಎರಡೂ ಬದಿ ಕೆಂಪು ಚೀಲಗಳ ರಾಶಿ. ಪೇಟೆ ಓಣಿಯ ಮನೆಗಳ ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು, ಅವರ ಮಗ್ಗುಲಲ್ಲಿ ಮಕ್ಕಳು ಕೈಯಾಡಿಸುತ್ತ ಹರಟೆ ಹೊಡೆಯುತ್ತಿದ್ದರು. ನಾಲ್ಕು ಹೊಡೆದ ಕೂಡಲೇ ಮಕ್ಕಳೆಲ್ಲ ಎದ್ದು ಗ್ರಂಥಾಲಯದ ಕಡೆ ಓಡಿದರು. ಶಿವಲೀಲಾ ಮಗಳ ಕೈ ಹಿಡಿದು ಅವರ ಹಿಂದೆ ಹೋದಳು.

ಗ್ರಂಥಪಾಲಕ ಮಾಲತೇಶ ಬಡಿಗೇರ ಐವತ್ತೈದರ ಆಸುಪಾಸಿನವನು, ಸಣ್ಣ ದನಿಯ ದೊಡ್ಡ ಹೊಟ್ಟೆಯ ಮನುಷ್ಯ. ‘ಕೈ ತೊಳೆದು ಪುಸ್ತಕ ಮುಟ್ಟಿರಿ’ ಎಂಬ ಫಲಕವನ್ನು ಬಾಗಿಲಲ್ಲೇ ತೂಗುಹಾಕಿದ್ದ. ತೊಳೆಯದವರನ್ನು ಒಳಗೆ ಬಿಡುತ್ತಲೂ ಇರಲಿಲ್ಲ.

"ನಮ್ಮ ಪುಸ್ತಕಕ್ಕ ಗೆದ್ದಲ ಹತ್ತಂಗಿಲ್ರಿ ಮೇಡಂ, ಖಾರದ ಗಾಳಿಗೆ ಹೆದರ್ತಾವು" ಎಂದು ಅವನು ಹೆಮ್ಮೆಯಿಂದ ಹೇಳಿದ. "ಮತ್ತೊಂದು ಮೋಜು ಕೇಳ್ರಿ. ಈ ಹುಡುಗ್ರು ಏನಂತಾರ ಅಂದ್ರ, ಮಳಿಗಾಲದಾಗ ಪುಸ್ತಕ ತೆಳ್ಳಗಾಗ್ತಾವ ಅಂತ. ಅದಕ್ಕ ದೊಡ್ಡ ದೊಡ್ಡ ಕತಿ ಎಲ್ಲಾ ಬ್ಯಾಸಗಿಯೊಳಗ ಓದಿ ಮುಗಸ್ತಾರ. ನಾ ಹಾಳಿ ಎಣಿಸಿ ನೋಡೀನಿ, ಅಷ್ಟೇ ಇರ್ತಾವು. ಹುಡುಗ್ರ ಮಾತು."

ಶಿವಲೀಲಾಳ ಕಿವಿ ನೆಟ್ಟಗಾಯಿತು. ಚೀಲದಿಂದ ಅಳೆಯುವ ಯಂತ್ರ ತೆಗೆದು ಚಾಪೆಯ ಮೇಲೆ ಕುಳಿತ ಮಕ್ಕಳ ಪುಸ್ತಕಗಳಿಗೆ ಒಂದೊಂದಾಗಿ ಹಿಡಿದಳು. ಎಂಟು ವರ್ಷದ ಪೋರನ ಬೆರಳಿಗೆ ಯಂತ್ರ ದೊಡ್ಡವರು ಎಂದಿತು. ಹಲ್ಲು ಬಿದ್ದ ಹುಡುಗಿಯ ಬೆರಳಿಗೂ ದೊಡ್ಡವರು ಎಂದಿತು. ಮೆಣಸಿನಕಾಯಿಯ ಕೆಂಪು ಬಣ್ಣವೇ ಒಂದು ಎಣ್ಣೆ, ಕಾರಣ ಅದೇ ಇರಬೇಕು ಎಂದು ಅವಳು ತಾನೇ ಒಂದು ಬೊಗಸೆ ಕಾಯಿ ಮುರಿದು, ಬೆರಳಿನ ಜಿಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದ ಕೈಗೆ ಅದನ್ನು ಉಜ್ಜಿ ನೋಡಿದಳು. ಹಾಳೆ ಮೋಸಹೋಗಲಿಲ್ಲ, ಯಂತ್ರ ಮಕ್ಕಳು ಎಂದಿತು. ಬರಿಯ ಎಣ್ಣೆಗೂ ಅದು ಮೋಸಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಬಜ್ಜಿ ತಿಂದ ಕೈಯನ್ನು ಗುರುತಿಸಲು ಮೊದಲ ವರ್ಷವೇ ಕಲಿಸಿಯಾಗಿತ್ತು. ಉರಿಯುವ ಬೆರಳುಗಳನ್ನು ಊದಿಕೊಳ್ಳುತ್ತ ನೀರಿನ ನಲ್ಲಿಯ ಕಡೆ ಹೋದಳು.

"ನೀರಿಗೆ ಹೋಗಂಗಿಲ್ರಿ ಅದು" ಎಂದು ಮಾಲತೇಶ ನಲ್ಲಿಯ ಪಕ್ಕದ ಸೀಸೆ ಎತ್ತಿಕೊಟ್ಟ. "ಮೊದಲ ಶೇಂಗಾ ಎಣ್ಣಿ ಹಚ್ಚಿ ತಿಕ್ಕ್ರಿ, ಆಮ್ಯಾಲೆ ಕಡ್ಲಿಹಿಟ್ಟು ಹಚ್ಚಿ ತೊಳೀರಿ. ಈ ಊರಾಗ ಕೈ ತೊಳಿಯೂದು ಅಂದ್ರ ಹಿಂಗ."

ಅವಳು ಹಾಗೇ ತೊಳೆದು, ಯಂತ್ರಕ್ಕೆ ಬೆರಳು ಹಿಡಿದಳು. ದೊಡ್ಡವರು ಎಂದಿತು ಯಂತ್ರ. ಶೇಂಗಾ ಎಣ್ಣೆ, ಮೆಣಸಿನಕಾಯಿಯ ಕೆಂಪೆಣ್ಣೆ, ಉಳಿದಷ್ಟು ಕಡ್ಲೆಹಿಟ್ಟು: ಮೂರೂ ಕೂಡಿ ಚರ್ಮದ ಗೆರೆಯಲ್ಲಿ ನಿಂತರೆ ಥೇಟು ಮೂವತ್ತು ವರ್ಷದವರ ಜಿಡ್ಡು. ಧಾರವಾಡದ ಪ್ರಯೋಗಾಲಯದಲ್ಲಿ ಮುನ್ನೂರು ಮಕ್ಕಳ ಕೈಯನ್ನು ಸಾಬೂನಿನಿಂದ ತೊಳೆಸಿ ಪರೀಕ್ಷೆ ಮಾಡಿದ್ದ ಅವಳಿಗೆ ಬ್ಯಾಡಗಿಯಲ್ಲಿ ಕೈ ಹೇಗೆ ತೊಳೆಯುತ್ತಾರೆ ಎಂದು ಕೇಳಬೇಕೆನಿಸಿರಲಿಲ್ಲ. ಅವಳಿಗೆ ನಗು ಬಂತು. ಕಾರಣ ಸಿಕ್ಕಿತ್ತು: ಜೂನ್ ಹೊತ್ತಿಗೆ ಮೆಣಸಿನಕಾಯಿಯ ಕಾಲ ಮುಗಿಯುತ್ತದೆ, ಅದಕ್ಕೇ ಚುಕ್ಕೆಯೂ ಹಸಿರಾಗುತ್ತದೆ. ಪರಿಹಾರವೂ ಸುಲಭ. ಈ ಮಿಶ್ರಣದ ಗುರುತನ್ನು ಕೇಂದ್ರದಿಂದ ಹಾಳೆಗಳಿಗೆ ಕಳಿಸಿಬಿಟ್ಟರೆ ವಾರದೊಳಗೆ ಚುಕ್ಕೆ ಹಸಿರು.

ಖುಷಿಯಲ್ಲಿ ತಿರುಗಿದರೆ ಇಂಪನಾ ಇರಲಿಲ್ಲ. ಕೊನೆಯ ಕಪಾಟಿನ ಹಿಂದಿನಿಂದ ಬಿಕ್ಕುವ ಸದ್ದು ಕೇಳಿತು. ಅದರ ಜೊತೆಗೆ ಇನ್ನೊಂದು ಎಳೆಯ ದನಿ.

"ಅಳಬ್ಯಾಡ ಅಕ್ಕಾ. ನೀ ಏನ್ ಸಾಯಂಗಿಲ್ಲ."

"ನಿನಗ ಗೊತ್ತಿಲ್ಲ. ನಿನ್ನೆಯಿಂದ ರಕ್ತ ಹೊಂಟೈತಿ. ಯಾವದೋ ದೊಡ್ಡ ರೋಗ. ಅವ್ವಗ ಹೇಳಿದ್ರ ಹೆದರ್ತಾಳ." ದನಿ ಇಂಪನಾಳದು. "ನನ್ನ ಬಣ್ಣದ ಪೆಟ್ಟಿಗಿ ಚೈತ್ರಾಗ ಕೊಡ್ರಿ ಅಂತ ಚೀಟಿ ಬರದಿಟ್ಟೀನಿ."

"ಅದು ರೋಗ ಅಲ್ಲ. ಮುಟ್ಟು ಅಂತಾರ ಅದಕ್ಕ. ದೊಡ್ಡಾಕಿ ಆಗೀ ನೀ, ಅಷ್ಟ. ತಿಂಗಳಾ ಬರ್ತೈತಿ, ನಾಕೈದು ದಿನ ಇರ್ತೈತಿ, ಹೋಗ್ತೈತಿ. ಬಟ್ಟಿ ಇಟ್ಕೋಬೇಕು, ಸ್ವಚ್ಛ ಇರಬೇಕು. ನಂದಿನ್ನೂ ಆಗಿಲ್ಲ. ಆದ್ರ ನನಗೆಲ್ಲಾ ಗೊತ್ತೈತಿ. ಆರೋಗ್ಯದ ಪುಸ್ತಕದಾಗ ನಲವತ್ಮೂರನೇ ಪುಟ ಓದು."

"ಆ ಪುಸ್ತಕ ನಮ್ಮನ್ಯಾಗೂ ಐತಿ. ನಲವತ್ಮೂರನೇ ಪುಟದಾಗ ಗುಬ್ಬಿ ಚಿತ್ರ ಐತಿ."

"ಗುಬ್ಬಿನೂ ಇಲ್ಲ, ಗಿಬ್ಬಿನೂ ಇಲ್ಲ. ತಡಿ, ತರ್ತೀನಿ."

ಕಪಾಟಿನ ಹಿಂದಿನಿಂದ ಹತ್ತು ವರ್ಷದ ಹುಡುಗಿಯೊಬ್ಬಳು ಹೊರಬಂದು, ಶಿವಲೀಲಾಳನ್ನು ಕಂಡು ಗಕ್ಕನೆ ನಿಂತಳು. ಹೆಸರು ಬೀಬಿಜಾನ್. ಎದುರು ಮನೆಯ ಕಟ್ಟೆಯ ಮೇಲೆ ತಾಯಿಯ ಪಕ್ಕ ಕುಳಿತಿದ್ದವಳು. ಶಿವಲೀಲಾ ತರು ಎಂದು ತಲೆಯಾಡಿಸಿದಳು. ಹುಡುಗಿ ಓಡಿಹೋಗಿ ಪುಸ್ತಕ ತಂದು ಇಂಪನಾಳ ಮುಂದೆ ಬಿಚ್ಚಿ ಹಿಡಿದಳು. ಇಡೀ ಪುಟ ಅಕ್ಷರ. "ಭಯಪಡಬೇಡ, ಇದು ಕಾಯಿಲೆಯಲ್ಲ" ಎಂಬುದೇ ಮೊದಲ ಸಾಲು. ಇಂಪನಾ ಆಸೆಯಿಂದ ಕೈಚಾಚಿ ಪುಸ್ತಕ ಇಸಿದುಕೊಂಡಳು. ಅವಳ ಬೆರಳು ತಾಗಿದ್ದೇ ತಡ, ಅಕ್ಷರಗಳು ಸರಸರನೆ ಸರಿದು, ಇದ್ದ ಜಾಗದಲ್ಲಿ ಒಂದು ಗುಬ್ಬಿ ಬಂದು ಕುಳಿತಿತು.

ಏಳು ವರ್ಷಗಳಲ್ಲಿ ತನ್ನ ಕಾಗದ ಕೆಲಸ ಮಾಡುವುದನ್ನು ಒಂದು ಮಗುವಿನ ಪಕ್ಕ ನಿಂತು ಶಿವಲೀಲಾ ನೋಡಿದ್ದು ಅದೇ ಮೊದಲು. ಅವಳಿಗೆ ನಾಚಿಕೆಯಾಯಿತು, ಆಮೇಲೆ ಅಳು ಬಂತು. ಮಗಳು ಸುಳ್ಳು ಹೇಳಿರಲಿಲ್ಲ, ಹಾರಿಸಿಯೂ ಮಾತಾಡಿರಲಿಲ್ಲ. ಪುಸ್ತಕವನ್ನು ತನ್ನ ಬೆರಳಿನಿಂದ ಓದಿ ಮಗಳ ಬೆರಳಿಗೆ ಕೊಟ್ಟಿದ್ದಳು ತಾಯಿ. ಹಾಳೆ ಮಗಳಿಗೆ ತೆರೆಯುವುದಾದರೂ ಯಾವಾಗ? ಮೈ ಪೂರ್ತಿ ಬೆಳೆದು ಬೆರಳಿಗೆ ಜಿಡ್ಡು ಬಂದ ಮೇಲೆ, ಹೆದರುವುದನ್ನೆಲ್ಲ ಹೆದರಿ ಮುಗಿಸಿದ ಮೇಲೆ. ಅವಳು ನೆಲದ ಮೇಲೆ ಕುಳಿತು ಮಗಳನ್ನು ಎದೆಗೆ ಒತ್ತಿಕೊಂಡಳು.

"ನಂದೇ ತಪ್ಪವ್ವಾ. ನಾ ಬಾಯಿಲೆ ಹೇಳಬೇಕಿತ್ತು."

"ನಾ ಹಿಡೀತೀನಿ, ನೀ ಓದು ಅಕ್ಕಾ" ಎಂದು ಬೀಬಿಜಾನ್ ಪುಸ್ತಕವನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಳು. ಅಕ್ಷರಗಳು ಮರಳಿ ಬಂದವು. ಇಂಪನಾ ಕಣ್ಣೊರೆಸಿಕೊಂಡು ಮೂರು ಪುಟ ಓದಿದಳು, ಒಂದೆರಡು ಕಡೆ ನಿಲ್ಲಿಸಿ ತಾಯಿಯನ್ನು ಪ್ರಶ್ನೆ ಕೇಳಿದಳು. ಶಿವಲೀಲಾ ನಾಚಿಕೊಳ್ಳದೆ ಉತ್ತರ ಕೊಟ್ಟಳು. ಅಷ್ಟರಲ್ಲಿ ಮಾಲತೇಶ ಕರೆಸಿದ ಬೀಬಿಜಾನಳ ತಾಯಿ ಬಂದು, ಬೇಕಾದ ಬಟ್ಟೆ ಕೊಟ್ಟು, ಬಿಸಿ ಬಿಸಿ ಶುಂಠಿ ಚಹಾ ಕುಡಿಸಿದಳು. ಆರರ ಹೊತ್ತಿಗೆ ಇಂಪನಾ ಇಬ್ಬರು ಹುಡುಗಿಯರ ನಡುವೆ ಕುಳಿತು ಮೆಣಸಿನಕಾಯಿ ಮುರಿಯುವುದನ್ನು ಕಲಿಯುತ್ತಿದ್ದಳು.

ವರದಿಗೆ ನಾಲ್ಕು ದಿನ ಉಳಿದಿತ್ತು. ಶೇಂಗಾ ಎಣ್ಣೆಯ ಒಂದು ಸಾಲು ಬರೆದರೆ ಬೀಬಿಜಾನಳ ಪುಸ್ತಕಗಳು ವರ್ಷವಿಡೀ ತೆಳ್ಳಗಾಗುತ್ತವೆ. ಬರೆಯದಿದ್ದರೆ ಕೆಲಸಕ್ಕೆ ದ್ರೋಹ, ಮತ್ತೆ ಇನ್ಯಾರೋ ಬಂದು ಅದನ್ನೇ ಕಂಡುಹಿಡಿಯುತ್ತಾರೆ. ರಾತ್ರಿ ಊಟಕ್ಕೆ ಕುಳಿತಾಗ ಅವಳು ಇದನ್ನೆಲ್ಲ ಗಂಡನ ಮುಂದೆ ತೋಡಿಕೊಂಡಳು.

"ವರದಿ ಕೊಡು. ಆದ್ರ ಕಾಗದದಾಗ ಅಲ್ಲ, ಸಮಿತಿಯವರ ಕೈಯಾಗ ತೋರಿಸು" ಎಂದ ಮಹಾಂತೇಶ. ರೊಟ್ಟಿ ಹೇಗೇ ಬಡಿಯಲಿ, ಅವನ ಬುದ್ಧಿ ದುಂಡಗಿತ್ತು.

ಓದು ಸಮಿತಿಯಲ್ಲಿ ಐವರಿದ್ದರು. ಅಧ್ಯಕ್ಷ ವೀರಭದ್ರಯ್ಯ ನಿವೃತ್ತ ಮುಖ್ಯೋಪಾಧ್ಯಾಯರು, ಮಕ್ಕಳಿಗೆಂದು ಜೇಬಿನಲ್ಲಿ ಸದಾ ಪೆಪ್ಪರಮೆಂಟು ಇಟ್ಟುಕೊಳ್ಳುವಂಥವರು. ಕೆಟ್ಟವರೆಂದು ಬೈದು ಹಗುರಾಗೋಣವೆಂದರೆ ಅದಕ್ಕೂ ಅವರು ಆಸ್ಪದ ಕೊಡುವವರಲ್ಲ. ಶಿವಲೀಲಾ ಪ್ರಯೋಗಾಲಯದ ಮೇಜಿನ ಸುತ್ತ ಐವರನ್ನೂ ಕೂರಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅವರ ಬೆರಳುಗಳನ್ನು ತಾನೇ ಚೆನ್ನಾಗಿ ಒರೆಸಿದಳು. ಆಮೇಲೆ ಆರೋಗ್ಯದ ಪುಸ್ತಕ ಕೊಟ್ಟು, ಓದಿ ಎಂದಳು.

ವೀರಭದ್ರಯ್ಯ ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ಓದಿದರು. ಗುರುತು ಹಾಕಿದ ಸಾವಿರಾರು ಪುಸ್ತಕಗಳಲ್ಲಿ ಇದರ ನೆನಪು ಅವರಿಗೆ ಉಳಿದಿರಲಿಲ್ಲ. "ಛಲೋ ಪುಸ್ತಕ. ಇದರಾಗ ಏನ್ ಕಡಿಮಿ ಐತ್ರಿ?"

"ನಿಮಗ ಏನೂ ಕಡಿಮಿ ಅನಿಸಲಿಲ್ರಿ?"

"ಇಲ್ಲಲ್ಲ. ಗುಬ್ಬಿ ಚಿತ್ರನೂ ಛಲೋ ಐತಿ."

ಅವಳು ಬ್ಯಾಡಗಿಯಿಂದ ತಂದ ಮೆಣಸಿನಕಾಯಿ, ಎಣ್ಣೆ, ಹಿಟ್ಟು ಮೇಜಿನ ಮೇಲಿಟ್ಟಳು. ಅಧ್ಯಕ್ಷರಾದಿಯಾಗಿ ಐವರೂ ತೊಟ್ಟು ಮುರಿದರು, ಎಣ್ಣೆ ತಿಕ್ಕಿದರು, ಒಬ್ಬರು ಕಣ್ಣುಜ್ಜಿಕೊಂಡು ಪೇಚಾಡಿದರು. ಮತ್ತೆ ಪುಸ್ತಕ ಕೈಗೆ ಬಂದಾಗ ನಲವತ್ಮೂರರಿಂದ ಅರವತ್ತರವರೆಗೆ ಇಲ್ಲದ್ದೆಲ್ಲ ಇತ್ತು. ವೀರಭದ್ರಯ್ಯ ಬಹಳ ಹೊತ್ತು ಓದಿದರು. ಶಿವಲೀಲಾ ತನ್ನ ಮಗಳು ಬರೆದಿಟ್ಟ ಬಣ್ಣದ ಪೆಟ್ಟಿಗೆಯ ಚೀಟಿಯ ವಿಷಯ ಹೇಳಿದಳು.

"ನಿಮ್ಮ ಮಾತು ತಿಳೀತು" ಎಂದರು ವೀರಭದ್ರಯ್ಯ. "ಆದ್ರ ನಮ್ಮ ಸಾಲ್ಯಾಗ ಒಬ್ಬ ಹುಡುಗ ದೆವ್ವದ ಕತಿ ಓದಿ ತಿಂಗಳಗಟ್ಟಲೆ ನಿದ್ದಿ ಮಾಡಿರಲಿಲ್ಲ. ದಿನಾ ಬಂದು ನನ್ನ ಮುಂದ ಅಳತಿದ್ದ. ಅವನ್ನ ನೋಡೇ ನಾ ಈ ಸಮಿತಿಗೆ ಒಪ್ಪಿದ್ದು."

"ಅವನು ಬಂದು ನಿಮಗ ಹೇಳಿದ್ನಲ್ರಿ ಸರ್. ತಾ ಯಾವದಕ್ಕ ಹೆದರೇನಿ ಅಂತ ಅವಂಗ ಗೊತ್ತಿತ್ತು. ನೀವು ಸಮಾಧಾನ ಮಾಡಿದ್ರಿ. ನನ್ನ ಮಗಳಿಗೆ ಏನ್ ಕೇಳಬೇಕು ಅನ್ನೂದ ಗೊತ್ತಿರಲಿಲ್ಲ."

ಮುಖ್ಯೋಪಾಧ್ಯಾಯರು ನಲವತ್ಮೂರನೆಯ ಪುಟವನ್ನು ಮತ್ತೆ ತೆರೆದರು. ಉರಿಯುವ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ ಕುಳಿತರು. ಕೊನೆಗೆ ಸಮಿತಿ ಸಮಿತಿಯ ಹಾಗೆಯೇ ನಡೆದುಕೊಂಡಿತು. ಧಾರವಾಡ, ಹಾವೇರಿ ಎರಡು ಜಿಲ್ಲೆಗಳಲ್ಲಿ ಆರು ತಿಂಗಳು ಸಾಲು ಮುಚ್ಚುವುದನ್ನು ನಿಲ್ಲಿಸಿ ನೋಡುವುದು, ಆಮೇಲೆ ಮುಂದಿನ ಮಾತು. ಶಿವಲೀಲಾ ನಿಯಂತ್ರಣ ಕೇಂದ್ರಕ್ಕೆ ಹೋಗಿ ತನ್ನ ಕೈಯಾರೆ ಆದೇಶ ಕಳಿಸಿದಳು. ಮಕ್ಕಳ ಮುಂದೆ ಸಾಲುಗಳು ತೆರೆದಿವೆ ಎಂದು ಎರಡು ಜಿಲ್ಲೆಗಳ ಚುಕ್ಕೆಗಳೆಲ್ಲ ಒಂದೇ ಸಲ ಕೆಂಪಾದವು. ಅವಳಿಗೆ ಅಂದು ಚಹಾ ಬಹಳ ರುಚಿಯಾಗಿ ಕಂಡಿತು.

ಆರಂಭದ ವಾರಗಳಲ್ಲಿ ಧಾರವಾಡದ ಮಕ್ಕಳ ಗ್ರಂಥಾಲಯದಲ್ಲಿ ಹಿಂದೆಂದೂ ಕಾಣದಷ್ಟು ಗದ್ದಲ. ಓದಿದ ಪುಸ್ತಕಗಳನ್ನೇ ಮಕ್ಕಳು ಮತ್ತೆ ಎತ್ತಿಕೊಂಡರು. ಇದು ಮೊದಲು ಇರಲಿಲ್ಲ, ಇದೂ ಇರಲಿಲ್ಲ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಕೆಲವು ಅಪ್ಪ ಅಮ್ಮಂದಿರು ಸಿಡಿಮಿಡಿಗೊಂಡು ಬಂದರು. ಮನೆಯಲ್ಲಿ ಪ್ರಶ್ನೆಗಳ ಮಳೆಯೇ ಸುರಿಯುತ್ತಿದೆ ಎಂಬುದೇ ಅವರ ದೊಡ್ಡ ದೂರು. ಶಿವಲೀಲಾ ಕೆಲಸ ಮುಗಿಸಿ ದಿನಾ ಸಂಜೆ ಅಲ್ಲಿಗೆ ಹೋಗಿ, ಕೇಳಿದವರಿಗೆಲ್ಲ ಸಮಾಧಾನ ಹೇಳಿ, ಮಗಳನ್ನು ಕರೆದುಕೊಂಡು ಮನೆಗೆ ಬರುತ್ತಿದ್ದಳು.

ಜುಲೈ ತಿಂಗಳ ಒಂದು ಸಂಜೆ ಇಂಪನಾ ಕಿಟಕಿಯ ಪಕ್ಕ ಕುಳಿತು ಒಂದು ದಪ್ಪ ಕಾದಂಬರಿ ಓದುತ್ತಿದ್ದಳು. ಹೊಳೆ ಬಂದು ಊರು ಬಿಟ್ಟ ಒಂದು ಮನೆಯವರ ಕಥೆ, ಅವರ ಜೊತೆ ಒಂದು ನಾಯಿಯೂ ಇತ್ತು. ಶಿವಲೀಲಾ ದೂರ ನಿಂತು ನೋಡಿದಳು. ಮಗಳ ಹುಬ್ಬು ಗಂಟಾಯಿತು. ಒಂದು ಪುಟ ತಿರುಗಿಸಿ, ಮತ್ತೆ ಹಿಂದಿನ ಪುಟಕ್ಕೆ ಬಂದಳು. ಆಮೇಲೆ ಪುಸ್ತಕ ಮುಚ್ಚಿ, ಎದ್ದು ಹೋಗಿ, ಅದರ ಜಾಗದಲ್ಲೇ ನೆಟ್ಟಗೆ ಇಟ್ಟು ಬಂದಳು.

"ಯಾಕವ್ವಾ, ಛಲೋ ಇರಲಿಲ್ಲೇನು?"

"ಭಾಳ ಛಲೋ ಐತಿ. ಮುಂದ ಆ ನಾಯಿಗೆ ಏನೋ ಆಗತೈತಿ ಅನಸ್ತೈತಿ. ಅದನ್ನ ಓದಾಕ ಇವತ್ತ ನನಗ ಮನಸಿಲ್ಲ. ದಸರಾ ಸೂಟಿಯೊಳಗ ಓದ್ತೀನಿ."

ಶಿವಲೀಲಾ ಕಪಾಟಿನ ಕಡೆ ನೋಡಿದಳು. ಆ ಪುಸ್ತಕ ತೆಗೆದು, ಮಗಳು ನಿಂತ ಪುಟ ಯಾವುದು, ಮುಂದೆ ನಿಜಕ್ಕೂ ಏನಿದೆ ಎಂದು ನೋಡಬೇಕು ಎಂದು ಕೈ ತುಡಿಯಿತು. ಇಂಪನಾ ತಾಯಿಯ ಕಣ್ಣು ಹೋದ ಕಡೆ ನೋಡಿ, ಚೀಲ ಹೆಗಲಿಗೇರಿಸಿಕೊಂಡಳು.

"ಬೇಕಾದ್ರ ನೀ ಓದು. ಆದ್ರ ಆ ನಾಯಿಗೆ ಏನಾತು ಅಂತ ನನಗ ಹೇಳಬ್ಯಾಡ."

"ಹೇಳಂಗಿಲ್ಲವ್ವಾ" ಎಂದಳು ಶಿವಲೀಲಾ.